ಆಸ್ಪತ್ರೆ ಗೋಡೆಯ ಎತ್ತು

ನಾನು ಹುಟ್ಟಿದ್ದು ಮೊಳಕಾಲ್ಮುರು ಕಡೆಯ ಒಂದು ಮ್ಯಾಸಬೇಡರ ಹಟ್ಟಿಯಲ್ಲಿ. ನಾವು ಕುರಿ ತಿನ್ನುತ್ತೇವೆ. ಕೋಳಿಯನ್ನು ಮಾತ್ರ ಸಾಕುವುದೂ ಇಲ್ಲ, ಮುಟ್ಟುವುದೂ ಇಲ್ಲ. ಹಬ್ಬ ಬಂದಾಗ ಅವ್ವ ಗೋಡೆಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಸುಣ್ಣದಲ್ಲಿ ನಾವು ಪೂಜಿಸುವ ದೇವರ ಎತ್ತುಗಳನ್ನು ಬರೆಯುತ್ತಿದ್ದಳು. ನಾನು ಚಿತ್ರ ಕಲಿತದ್ದು ಅದನ್ನು ನೋಡಿ. ಆಮೇಲೆ ಚಳ್ಳಕೆರೆಯಲ್ಲಿ ಅಂಗಡಿಗಳ ಬೋರ್ಡು ಬರೆದು ಕೈ ಪಳಗಿತು.

ಕೆಲವು ವರ್ಷಗಳ ಹಿಂದೆ ರಾಂಪುರದ ಹತ್ತಿರದ ಒಂದು ಸಣ್ಣ ಆಸ್ಪತ್ರೆಯ ನರ್ಸಮ್ಮ ಹೇಳಿಕಳಿಸಿದರು. ಹಟ್ಟಿಯವರು ಆಸ್ಪತ್ರೆಯ ಕಡೆ ತಲೆ ಹಾಕುವುದಿಲ್ಲ, ಗೋಡೆಯಾದರೂ ಅವರನ್ನು ಕರೆಯಲಿ ಎಂಬುದು ಅವರ ಆಸೆ.

“ರಕ್ತ ಕಮ್ಮಿ ಇರೋ ಹೆಂಗಸ್ರು ಏನು ತಿನ್ಬೇಕು ಅಂತ ಬರಿಯಮ್ಮ. ಹಾಲು, ಸೊಪ್ಪು, ಕೋಳಿಮೊಟ್ಟೆ. ಓದಕ್ಕೆ ಬರದಿದ್ರೂ ತಿಳೀಬೇಕು.”

ಸೊಪ್ಪು ಸಲೀಸಾಯಿತು. ಮೊಟ್ಟೆಯ ಗುರುತು ಸಿಗಲು ಜೊತೆಗೆ ಕೋಳಿಯನ್ನೂ ಬರೆಯಬೇಕಿತ್ತು; ಅದನ್ನು ಮಾತ್ರ ನಾನು ಹತ್ತಿರದಿಂದ ನೋಡಿದವಳೇ ಅಲ್ಲ. ಬಸ್‌ಸ್ಟ್ಯಾಂಡ್ ಪಕ್ಕದ ಕೋಳಿ ಅಂಗಡಿಯ ಮುಂದೆ ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಂತೆ. ಅಂಗಡಿಯವನು “ಎಷ್ಟು ಕೆ.ಜಿ. ಅಕ್ಕಾ?” ಎಂದ.

“ಸುಮ್ನೆ ನೋಡ್ತಿದೀನಿ,” ಎಂದೆ.

ಅವನು ನನ್ನನ್ನೊಮ್ಮೆ ಕೋಳಿಯನ್ನೊಮ್ಮೆ ನೋಡಿ ತಕ್ಕಡಿ ಪಕ್ಕಕ್ಕಿಟ್ಟ.

ಗೋಡೆಯ ಮೇಲೆ ಕೋಳಿ ಹೇಗೋ ಮೂಡಿತು. ಅದರ ಪಕ್ಕದಲ್ಲಿ ಹಾಲಿಗೆಂದು ಹಸು ಬರೆಯಲು ಹೊರಟೆ. ಎತ್ತರದ ಕೊಂಬು, ಹೆಗಲ ಮೇಲೆ ತುಂಬಿದ ಹಿಣಿಲು, ಕೊರಳ ಗಂಟೆ ಎಲ್ಲ ತಾವಾಗಿ ಬಂದವು. ಕೆಚ್ಚಲು ಬರಲಿಲ್ಲ; ಗೋಡೆಯ ಮೇಲೆ ನಿಂತದ್ದು ಅವ್ವನ ದೇವರ ಎತ್ತು. ನರ್ಸಮ್ಮ ಟೀ ಹಿಡಿದು ಹೊರಗೆ ಬಂದರು. ಎತ್ತನ್ನು ನೋಡಿದರು, ಅದರ ಕೆಳಗಿದ್ದ ‘ದಿನಾ ಹಾಲು ಕುಡಿಯಿರಿ’ ಓದಿದರು.

“ಇದ್ರ ಹಾಲು ಕರೆಯೋರು ಯಾರಮ್ಮ?”

ಅಳಿಸಲು ಬಟ್ಟೆ ನೆನೆಸುವಷ್ಟರಲ್ಲಿ, ನಮ್ಮ ಹಟ್ಟಿಯ ದೇವರ ಎತ್ತುಗಳನ್ನು ಕಾಯುವ ಕಿಲಾರಿ ತಾತ ಆ ದಾರಿಯಲ್ಲಿ ಬಂದ. ಚಪ್ಪಲಿ ಬಿಟ್ಟು ಗೋಡೆಗೆ ಕೈ ಮುಗಿದ. ಪಕ್ಕದ ಕೋಳಿ ಕಣ್ಣಿಗೆ ಬಿದ್ದದ್ದೇ ಹಿಂದಕ್ಕೆ ಸರಿದ.

“ದ್ಯಾವ್ರ ಪಕ್ಕದಾಗೆ ಇದ್ನ ಕೂರ್ಸೀಯಲ್ಲೇ, ನೀನು ನಮ್ಮ ಹಟ್ಟಿ ಮಗಳೇನೇ?”

ನರ್ಸಮ್ಮನೇ ಮುಂದೆ ಬಂದರು. “ಕೋಳೀನ ಹಿಂದಿನ ಗೋಡೆಗೆ ಕಳಿಸ್ತೀನಿ ತಾತ, ಸಿಟ್ಟಾಗ್ಬೇಡ್ರಿ. ಹೆಂಗೂ ಬಂದಿದ್ದೀರಲ್ಲ, ತೋಳು ಕೊಡ್ರಿ, ಬಿ.ಪಿ. ನೋಡ್ತೀನಿ.”

“ಒಳಕ್ಕೆ ಬರಲ್ಲ. ಇಲ್ಲೇ ನೋಡು,” ಎಂದು ತಾತ ಎತ್ತಿನ ಮುಂದೆಯೇ ಕುಕ್ಕರುಗಾಲಲ್ಲಿ ಕೂತ. ಬಿ.ಪಿ. ಜಾಸ್ತಿಯೇ ಇತ್ತು.

“ಆ ಕೋಳಿ ನೋಡಿ ಏರೈತೆ,” ಎಂದು ವಾದಿಸಿದ.

ಕೋಳಿ ಹಿಂದಿನ ಗೋಡೆಗೆ ಹೋದ ಮೇಲೆ ಮತ್ತೆ ನೋಡಿದರು. ಅಷ್ಟೇ ಇತ್ತು. ತಾತ ನರ್ಸಮ್ಮ ಕೊಟ್ಟ ಮಾತ್ರೆಯನ್ನು ಕಣ್ಣಿಗೊತ್ತಿಕೊಂಡು ನುಂಗಿದ.

ಎತ್ತಿನ ಕೆಳಗಿನ ಹಾಲಿನ ಮಾತನ್ನು ಅಳಿಸಿ ‘ಬಿ.ಪಿ. ನೋಡಿಸಿಕೊಳ್ಳಿ’ ಎಂದು ಬರೆದೆ. ಎತ್ತು ನೋಡಲು ಹಟ್ಟಿಯವರು ಬರತೊಡಗಿದರು. ನರ್ಸಮ್ಮ ಅಲ್ಲೇ ಬೆಂಚು ಹಾಕಿಸಿಕೊಂಡು ಕೂತರು; ಮುಗಿದ ಕೈ ಕೆಳಗಿಳಿಯುವ ಮೊದಲೇ ತೋಳಿಗೆ ಪಟ್ಟಿ ಸುತ್ತಿಬಿಡುತ್ತಿದ್ದರು. ಬೆರಳು ಚುಚ್ಚಿ ನೋಡಿ ನಮ್ಮವ್ವನಿಗೆ ರಕ್ತ ಕಮ್ಮಿ ಇರುವುದು ಗೊತ್ತಾದದ್ದೂ ಆ ಬೆಂಚಿನ ಮೇಲೆಯೇ.

ತಾತ ಈಗಲೂ ಮಾತ್ರೆಗೆ ಬಂದಾಗ ಬೆಂಚಿನ ತುದಿಯಲ್ಲಿ ಕೂರುತ್ತಾನೆ. ಹೆದರಿ ಹಿಂಜರಿಯುವ ಹೆಂಗಸರಿಗೆ, “ಏನೂ ಆಗಲ್ಲ ಕಣಮ್ಮ, ಸೈಕಲ್ಲಿಗೆ ಹೊಡ್ದಂಗೆ ಗಾಳಿ ಹೊಡೀತಾರೆ, ಆಮ್ಯಾಲೆ ಬಿಡ್ತಾರೆ,” ಎಂದು ಧೈರ್ಯ ಹೇಳುತ್ತಾನೆ.