ಬಣ್ಣ ಬೇಡವೆನಿಸಿಕೊಂಡ ಮುಖ

ಈ ಕೊಲ್ಲಿ ದೇಶದ ರಾಸ್ ಅಲ್ ಖೋರಿನ ಒಂದು ಗ್ಯಾರೇಜಿನಲ್ಲಿ ನನ್ನ ಕೆಲಸ ಕಾರುಗಳಿಗೆ ಬಣ್ಣ ಹೊಂದಿಸುವುದು. ಪೆಟ್ಟು ತಿಂದು ಬಂದ ಬಾಗಿಲಿಗೆ ಹೊಸ ಬಣ್ಣ ಹೊಡೆದಾಗ, ಅದು ಪಕ್ಕದ ಹಳೆಯ ಬಣ್ಣಕ್ಕಿಂತ ಬೇರೆಯಾಗಿ ಕಾಣಬಾರದು. ಈ ಊರಿನಲ್ಲಿ ಕಣ್ಣು ಹಾಯಿಸಿದಲ್ಲೆಲ್ಲ ಬಿಳಿ ಕಾರು. ಬಿಳಿಗೆ ಬಿಳಿ ಹೊಂದಿಸುವುದು ಸುಲಭ ಎಂದು ಜನ ತಿಳಿದಿದ್ದಾರೆ. ಬಿಳಿಯಷ್ಟು ತಲೆ ತಿನ್ನುವ ಬಣ್ಣ ಇನ್ನೊಂದಿಲ್ಲ. ಒಂದರಲ್ಲಿ ಹಳದಿ ಇಣುಕುತ್ತದೆ, ಇನ್ನೊಂದರಲ್ಲಿ ನೀಲಿ. ದಿನವಿಡೀ ಬಿಳಿಯ ಜೊತೆ ಗುದ್ದಾಡಿ ಸಂಜೆ ಮನೆಗೆ ಬರುವ ನಾನು ಮಾತ್ರ ಅಪ್ಪಟ ಕಪ್ಪು.

ಹೆಂಡತಿ ಗೋಧಿ ಬಣ್ಣದವಳು. ಮಗಳು ಮೂಗು, ಕಣ್ಣು, ಬಣ್ಣ ಎಲ್ಲದರಲ್ಲೂ ನನ್ನನ್ನೇ ಹೋಲುತ್ತಾಳೆ. ಅವಳು ಹುಟ್ಟಿದ ದಿನ ಊರಿನಿಂದ ಫೋನ್ ಮಾಡಿದ ದೊಡ್ಡಮ್ಮ, ತಾಯಿ ಹೇಗಿದ್ದಾಳೆ ಎಂದು ಕೇಳುವ ಮೊದಲೇ "ಮಗು ಯಾರ ಬಣ್ಣ?" ಎಂದು ಕೇಳಿದ್ದರು. "ನನ್ನದೇ ದೊಡ್ಡಮ್ಮ, ಪಾಲಿಶ್ ಸ್ವಲ್ಪ ಜಾಸ್ತಿ" ಅಂದೆ. ಆಚೆಯಿಂದ ಒಂದು ಸಣ್ಣ ನಿಟ್ಟುಸಿರು ಕೇಳಿಸಿತು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುವವರು ಅನ್ನಲಿ, ಅಷ್ಟು ಚಂದದ ಮಗು ನಾವಿರುವ ಇಡೀ ಅಲ್ ಕುಸೈಸಿನಲ್ಲಿ ಇಲ್ಲವೆಂದೇ ನನ್ನ ಲೆಕ್ಕ.

ಉಡುಪಿ ಕಡೆಯ ನಮ್ಮೂರಿನಲ್ಲಿ ಇದ್ದಷ್ಟು ಕಾಲ ಹವ್ಯಾಸಿ ಯಕ್ಷಗಾನ ತಂಡವೊಂದರಲ್ಲಿ ವೇಷ ಹಾಕುತ್ತಿದ್ದೆ. ದೊಡ್ಡ ಕಲಾವಿದನೇನಲ್ಲ. ನನ್ನ ಕುಣಿತ ನೋಡಿ ಭಾಗವತರೇ ನಕ್ಕದ್ದುಂಟು. ನನಗಿದ್ದದ್ದು ಬಣ್ಣದ ಹುಚ್ಚು. ವೇಷ ಕಟ್ಟುವ ಚೌಕಿಯಲ್ಲಿ ಕೂತು ಅರದಾಳದ ಹಳದಿ, ಇಂಗಳೀಕದ ಕೆಂಪು, ಕಾಡಿಗೆ ಎಲ್ಲವನ್ನೂ ಎಣ್ಣೆಯಲ್ಲಿ ತೇಯುತ್ತಾ ಇರುವುದೆಂದರೆ ನನಗೆ ಊಟ ಬೇಡ. ಆ ಹುಚ್ಚಿನಿಂದಾಗಿ ಇಲ್ಲಿನ ಕನ್ನಡದವರ ಕೂಟದಲ್ಲಿ ಏನೇ ಕಾರ್ಯಕ್ರಮವಾದರೂ ಮಕ್ಕಳ ಮುಖಕ್ಕೆ ಬಣ್ಣ ಹಚ್ಚುವ ಕೆಲಸ ನನ್ನದೇ ಆಯಿತು. ಹಗಲು ಕಾರಿಗೆ, ರಜೆಯಲ್ಲಿ ಮಕ್ಕಳಿಗೆ. ಕಾರುಗಳು ಮಿಸುಕಾಡುವುದಿಲ್ಲ, ಅಷ್ಟೇ ವ್ಯತ್ಯಾಸ.

ಹೋದ ವರ್ಷ ಕೂಟದವರು ಮಕ್ಕಳಿಂದ ನಾಟಕ ಆಡಿಸಲು ಹೊರಟರು. ಶನಿವಾರ ಸಂಜೆ ಊದ್ ಮೇಥಾ ಬಡಾವಣೆಯಲ್ಲಿ ಮಕ್ಕಳಿಗೆ ಕನ್ನಡ ಕಲಿಸುವ ಟೀಚರ್ ಒಬ್ಬರಿದ್ದಾರೆ, ಮಂಗಳೂರಿನವರು. ಸಂಬಳವಿಲ್ಲದ ಕೆಲಸ. ಕೆಮ್ಮಿಕೊಂಡಾದರೂ ಬಂದು ಪಾಠ ಮಾಡುವವರು. ತಾವು ಕಾಲೇಜಿನಲ್ಲಿ ಓದಿ ಅತ್ತಿದ್ದ ಒಂದು ಹಳೆಯ ಇಂಗ್ಲಿಷ್ ಕಾದಂಬರಿಯನ್ನು ಅವರು ಕನ್ನಡದಲ್ಲಿ ನಾಟಕ ಮಾಡಿದರು. ಯಾವುದೋ ದೇಶದ ಒಂದು ಸಣ್ಣ ಪೇಟೆಯ ಕತೆ. ಅಲ್ಲಿನ ಗಿರಣಿಗೆ ಬೆಂಕಿ ಬೀಳುತ್ತದೆ. ಕಪ್ಪು ಮೈಬಣ್ಣದ ಒಬ್ಬ ಕೂಲಿಯವನೇ ಹಚ್ಚಿದ್ದು ಎಂದು ಪೇಟೆಗೆ ಪೇಟೆಯೇ ಹೇಳುತ್ತದೆ. ಅಂಗಡಿಯವನ ಪುಟ್ಟ ಮಗಳು ಮಾತ್ರ ನಿಜವನ್ನು ಕಣ್ಣಾರೆ ಕಂಡಿದ್ದಾಳೆ. ಕೋರ್ಟಿನಲ್ಲಿ ನಿಂತು ಹೇಳುತ್ತಾಳೆ. ಯಾರಿಗೂ ಕೇಳುವ ಮನಸ್ಸಿಲ್ಲ. ಅವನಿಗೆ ಶಿಕ್ಷೆಯಾಗುತ್ತದೆ, ಆ ಹುಡುಗಿಯ ಬಾಲ್ಯ ಅಲ್ಲಿಗೆ ಮುಗಿಯುತ್ತದೆ.

ಆ ಪುಸ್ತಕವನ್ನು ನಾನು ಮತ್ತು ಮಗಳು ಒಟ್ಟಿಗೆ ಓದಿದೆವು. ನನ್ನ ಇಂಗ್ಲಿಷ್ ಗ್ಯಾರೇಜಿನ ಇಂಗ್ಲಿಷ್. ಹತ್ತು ವರ್ಷದ ಅವಳದು ಶಾಲೆಯದು. ಅವಳು ಓದುವುದು, ನಾನು ನಡುವೆ "ಹಾಗೆಂದರೆ?" ಎಂದು ಕೇಳುವುದು. ಸಂಜೆ ಊಟ ಬಡಿಸಿ ಕರೆದರೂ ನಾವಿಬ್ಬರು ಸೋಫಾದಿಂದ ಏಳುತ್ತಿರಲಿಲ್ಲ. ಹೆಂಡತಿ, "ಅಪ್ಪ ಮಗಳಿಗೆ ಪುಸ್ತಕವನ್ನೇ ಬಡಿಸ್ತೇನೆ ಇವತ್ತು" ಎಂದು ಬೈಯುತ್ತಿದ್ದಳು. ಶಿಕ್ಷೆಯ ಪುಟ ಬಂದ ದಿನ ಮಗಳು ಪುಸ್ತಕ ಮುಚ್ಚಿ, "ಬಟ್ ಪಪ್ಪ, ಅವನು ಮಾಡ್ಲೇ ಇಲ್ಲ. ದೇ ಆಲ್ ನೋ. ಮತ್ತೆ ಯಾಕೆ?" ಎಂದು ಅತ್ತಳು. "ಕೆಲವರಿಗೆ ಕಣ್ಣಿದ್ದೂ ಕಾಣೂದಿಲ್ಲ ಮಗಾ" ಅಂದೆ. ಹಾಗೆಂದರೆ ಏನೆಂದು ಅವಳಿಗೆ ಅರ್ಥವಾಗಲಿಲ್ಲ. ಅರ್ಥವಾಗದೆ ಇದ್ದದ್ದು ನನಗೆ ಎಷ್ಟು ಸಮಾಧಾನ ಕೊಟ್ಟಿತೆಂದರೆ, ಅವಳ ತಲೆಯನ್ನು ಎದೆಗೆ ಒತ್ತಿಕೊಂಡು ಕೂತುಬಿಟ್ಟೆ.

ಅಂಗಡಿಯವನ ಮಗಳ ಪಾತ್ರ ತನಗೆ ಬೇಕೆಂದು ಅವಳಿಗೆ ಆಸೆ. ಆ ಹುಡುಗಿಯ ಮಾತೆಲ್ಲ ಬಾಯಿಪಾಠ. ಫ್ರಿಜ್ಜಿನ ಮುಂದೆ ನಿಂತು ನ್ಯಾಯಾಧೀಶರಿಗೆ ಹೇಳುವಂತೆ ಹೇಳುತ್ತಿದ್ದಳು. ಪಾತ್ರ ಹಂಚಿದ ಶನಿವಾರ ನಾನು ಕರೆತರಲು ಹೋದಾಗ ಟೀಚರ್ ಬಾಗಿಲಲ್ಲೇ ಸಿಕ್ಕರು. ಮಗಳು ಒಳಗೆ ಶೂ ಹಾಕಿಕೊಳ್ಳುತ್ತಿದ್ದಳು. ಟೀಚರ್ ನಗುನಗುತ್ತಾ, "ಅಣ್ಣಾ, ಈ ಸಲ ನಿಮಗೆ ಕೆಲಸ ಕಮ್ಮಿ ಮಾಡಿದ್ದೇನೆ. ಆ ಕೂಲಿಯವನು, ಅವನ ಹೆಂಡತಿ, ಮಗಳು, ಮೂರು ಜನಕ್ಕೂ ಮೇಕಪ್ಪೇ ಬೇಡ. ಹಾಗೇ ನೋಡಿ ಆರಿಸಿದ್ದು. ನಿಮ್ಮವಳು ಆ ಮಗಳು" ಅಂದರು.

ಮೈಬಣ್ಣ ನೋಡಿ ಮನುಷ್ಯನನ್ನು ಅಳೆಯಬಾರದೆಂದು ಹೇಳುವ ನಾಟಕಕ್ಕೆ ಮೈಬಣ್ಣ ನೋಡಿ ಮಕ್ಕಳನ್ನು ಆರಿಸಿದ್ದರು. ಪುರಾಣ ಹೇಳಲಿಕ್ಕೆ, ಬದನೆಕಾಯಿ ತಿನ್ನಲಿಕ್ಕೆ! ಅಷ್ಟರಲ್ಲಿ ಮಗಳು ಓಡಿ ಬಂದು ನನ್ನ ಕೈ ಹಿಡಿದಳು. ಹಲ್ಲು ಕಚ್ಚಿಕೊಂಡು ಟೀಚರಿಗೆ ಕೈ ಮುಗಿದು ಹೊರಟೆ.

ಕಾರಿನಲ್ಲಿ ಅವಳೇ ಹೇಳಿದಳು. "ಪಪ್ಪ, ನಂಗೆ ಆ ಅಂಕಲ್‌ನ ಮಗಳು. ಒಂದೇ ಡೈಲಾಗ್. ಬಟ್ ಇಟ್ಸ್ ವೆರಿ ಇಂಪಾರ್ಟೆಂಟ್, ಟೀಚರ್ ಹೇಳಿದ್ರು."

"ಖುಷಿ ಉಂಟಾ?" ಎಂದು ಕೇಳಿದೆ.

"ಉಂಟು" ಅಂದಳು, ನಗುತ್ತಾ. ಆ ನಗು ನೋಡಿ ನಾನೂ ನಕ್ಕೆ.

ಮನೆಗೆ ಬಂದು, ಅವಳು ಸ್ನಾನಕ್ಕೆ ಹೋದಾಗ ಹೆಂಡತಿಯ ಮುಂದೆ ಕೂಗಾಡಿದೆ. ನಾಳೆಯೇ ಹೋಗಿ ಹುಡುಗಿಯನ್ನು ನಾಟಕದಿಂದ ಬಿಡಿಸುತ್ತೇನೆ, ಖಲಾಸ್, ಎಂದೆ. ಹೆಂಡತಿ ದೋಸೆಗೆ ಅಕ್ಕಿ ತೊಳೆಯುತ್ತಿದ್ದಳು. ಕೈ ನಿಲ್ಲಿಸಿದಳು. "ಬಿಡಿಸಿ. ಯಾಕೆ ಬಿಡಿಸಿದ್ದು ಅಂತ ಅವಳು ಕೇಳ್ತಾಳೆ. ಎಂತ ಹೇಳ್ತೀರಿ?"

ನನ್ನ ಕೂಗಾಟ ಅಲ್ಲಿಗೆ ನಿಂತಿತು. ಬಿಡಿಸಿದರೆ ಕಾರಣ ಹೇಳಬೇಕು. ಕಾರಣ ಹೇಳಿದರೆ, ಇಲ್ಲಿಯವರೆಗೆ ಪುಸ್ತಕದ ಪೇಟೆಯಲ್ಲಿದ್ದದ್ದು ನಮ್ಮ ಮನೆಯ ಒಳಗೆ ಬಂದು ಕೂರುತ್ತದೆ. ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಂಡು ಮೀಸೆ ಬರೆದು ನಗುವ ಹುಡುಗಿ ಅವಳು. ನಾಳೆಯಿಂದ ಅದೇ ಕನ್ನಡಿಯಲ್ಲಿ ಏನು ನೋಡುತ್ತಾಳೆ? ನಾನು ನೋಡಿದ್ದನ್ನೇ. ಬಾಲ್ಯದಲ್ಲಿ ಮೆರವಣಿಗೆಯ ರಾಮನ ವೇಷಕ್ಕೆ ನನ್ನನ್ನು ಬಿಟ್ಟು ರಾಕ್ಷಸನ ಸಾಲಿಗೆ ಕಳಿಸಿದ ಮಾಸ್ತರರ ಮುಖ ನನಗೆ ಇನ್ನೂ ನೆನಪಿದೆ. ರಾಮ ಶ್ಯಾಮಲವರ್ಣದವನೆಂದು ಅವರೇ ಪಾಠ ಮಾಡಿದ್ದರು! ಆ ದಿನ ಮನೆಗೆ ಬಂದು ಪಾತ್ರೆ ತಿಕ್ಕುವ ಬೂದಿಯಲ್ಲಿ ಮುಖ ತಿಕ್ಕಿದ್ದೆ. ಅದು ನನ್ನ ಮಗಳಿಗೆ ಬೇಡ. ಇನ್ನೊಂದು ವರ್ಷವಾದರೂ ಬೇಡ.

ಆದರೆ ಬಾಯಿ ಮುಚ್ಚಿಕೊಂಡಿರುವ ಜಾತಿಯೂ ನನ್ನದಲ್ಲ. ಒಂದು ಸಂಜೆ ಗ್ಯಾರೇಜಿನಿಂದ ನೇರವಾಗಿ ಟೀಚರ ಮನೆಗೆ ಹೋದೆ. ಚಹಾ ಕೊಟ್ಟರು. ಕುಡಿಯದೆ ಹೇಳಿದೆ.

"ಟೀಚರೇ, ನಮ್ಮ ಚೌಕಿಯಲ್ಲಿ ರಾಜನ ವೇಷದವನೂ ಕಪ್ಪೇ, ರಾಕ್ಷಸನ ವೇಷದವನು ಬೆಳ್ಳಗೆ ಹಾಲಿನ ಹಾಗೆ. ಯಾರೂ ಕೇಳಿದ್ದಿಲ್ಲ. ಬಣ್ಣ ಪೆಟ್ಟಿಗೆಯಿಂದ ಬರ್ತದೆ, ಮೈಯಿಂದ ಅಲ್ಲ. ನಿಮಗೆ ಬೇಕಾದ ಬಣ್ಣ ಹಚ್ಚಲಿಕ್ಕೆ ನಾನಿಲ್ಲವಾ?"

ಅವರ ಮುಖ ಬಾಡಿತು. "ಅಣ್ಣಾ, ನೋಡುವವರಿಗೆ ಬೇಗ ಅರ್ಥ ಆಗ್ಲಿ ಅಂತ ಅಷ್ಟೇ. ದೇವರಾಣೆ, ನಾನು ಅಂಥವಳಲ್ಲ."

"ಅಂಥವರಲ್ಲ ಅಂತ ಗೊತ್ತುಂಟು. ಅಂಥವರಾಗಿದ್ದರೆ ನಾನು ಇಷ್ಟು ದೂರ ಬರ್ತಿರಲಿಲ್ಲ."

ಅವರು ಸೆರಗಿನ ಅಂಚು ತಿರುವುತ್ತಾ, ಈಗ ಪಾತ್ರ ಬದಲಿಸಿದರೆ ಎಲ್ಲ ಮಕ್ಕಳೂ ಯಾಕೆಂದು ಕೇಳುತ್ತಾರೆ, ಆ ಮೂವರಿಗೂ ಗೊತ್ತಾಗುತ್ತದೆ ಎಂದರು. ಅದೂ ನಿಜವೇ. ನಾನು ಹೆಂಡತಿಯ ಮುಂದೆ ಸಿಕ್ಕಿಬಿದ್ದ ಜಾಗದಲ್ಲೇ ಅವರೂ ಸಿಕ್ಕಿಬಿದ್ದಿದ್ದರು. ಎದ್ದು ಬರುವಾಗ ಒಂದೇ ಮಾತು ಹೇಳಿದೆ. ನಮ್ಮ ಮೇಳದಲ್ಲಿ ಬಣ್ಣವಿಲ್ಲದ ಮುಖ ರಂಗಸ್ಥಳಕ್ಕೆ ಹೋಗುವಂತಿರಲಿಲ್ಲ, ಒಂದು ನಿಮಿಷದ ವೇಷಕ್ಕೂ. ಇಲ್ಲಿಯೂ ಹಾಗೆಯೇ. ಎಲ್ಲರೂ ನನ್ನ ಮುಂದೆ ಕೂರಬೇಕು. ಅವರು ತಲೆಯಾಡಿಸಿದರು.

ಆಮೇಲೆ ಪ್ರತಿ ಶನಿವಾರವೂ ಕಾರಿನಲ್ಲಿ ನನ್ನದು ಅದೇ ಪ್ರಶ್ನೆ, ಅದೇ ನಗು. "ಹೇಗಾಯ್ತು ಮಗಾ ಪ್ರಾಕ್ಟೀಸ್?" "ಸೂಪರ್ ಪಪ್ಪ." ಒಂದೊಂದು ಶನಿವಾರ ದಾರಿಯಲ್ಲಿ ನಿಲ್ಲಿಸಿ ಕರಕ್ ಚಹಾ ಕುಡಿಯುತ್ತಿದ್ದೆವು. ಅವಳಿಗೆ ಪರಾಟಾ. ನಾನು ಗ್ಯಾರೇಜಿನ ಕತೆ ಹೇಳಿ ನಗಿಸುತ್ತಿದ್ದೆ. ಬೇಕೆಂದೇ ಹೆಚ್ಚು ನಗಿಸುತ್ತಿದ್ದೆ. ಮನೆಗೆ ಬಂದರೆ ಹೆಂಡತಿ ಕಣ್ಣಲ್ಲೇ ಕೇಳುವಳು, ನಾನು ಕಣ್ಣಲ್ಲೇ "ಏನೂ ಇಲ್ಲ, ಖುಷಿಯಾಗಿದ್ದಾಳೆ" ಅನ್ನುವೆ.

ನಾಟಕದ ದಿನ ಬಂತು. ಶಾಲೆಯೊಂದರ ಸಭಾಂಗಣ, ಪಕ್ಕದ ತರಗತಿಯೇ ನಮ್ಮ ಚೌಕಿ. ಡೆಸ್ಕಿನ ಮೇಲೊಂದು ಸಣ್ಣ ಗಣಪತಿ ಇಟ್ಟು, ಬಣ್ಣದ ಪೆಟ್ಟಿಗೆ ಅವನ ಮುಂದೆ ಹಿಡಿದು ಶುರುಮಾಡಿದೆ. ನ್ಯಾಯಾಧೀಶ, ಪೊಲೀಸು, ಗಿರಣಿಯ ಯಜಮಾನ, ಅಂಗಡಿಯವನ ಮಗಳು, ಒಬ್ಬೊಬ್ಬರಾಗಿ ಕೂತು ಎದ್ದರು. ಕೂಲಿಯವನ ಪಾತ್ರದ ಹುಡುಗ ವಿಜಯಪುರದ ಕಡೆಯ ಎಂಜಿನಿಯರರ ಮಗ, ಪಾಪದವನು. ಅವನಿಗೂ, ಹೆಂಡತಿಯ ಪಾತ್ರದ ಹುಡುಗಿಗೂ ಅವರವರ ಮೈಬಣ್ಣವನ್ನೇ ಬೆರೆಸಿ ಹಚ್ಚಿದೆ. ಹುಡುಗ ಕನ್ನಡಿ ನೋಡಿ, "ಅಂಕಲ್, ಏನೂ ಚೇಂಜ್ ಆಗೇ ಇಲ್ರಿ!" ಅಂದ. "ಹಾಗೇ ಇರಬೇಕು, ಇದಕ್ಕಿಂತ ಚಂದ ಮಾಡಲಿಕ್ಕೆ ನಂಗೆ ಬರೂದಿಲ್ಲ" ಅಂದೆ.

ಕೊನೆಗೆ ನನ್ನ ಮಗಳು. ಉಳಿದ ಮಕ್ಕಳು ವೇದಿಕೆಯ ಹಿಂದಕ್ಕೆ ಹೋಗಿದ್ದರು. ಅಂಗೈಯಲ್ಲಿ ಅವಳ ಬಣ್ಣ ಬೆರೆಸಿದೆ. ಕಂದು, ಒಂದಿಷ್ಟು ಕೆಂಪು, ಹಳದಿಯ ಒಂದು ಚಿಟಿಕೆ. ಅವಳ ಮೊಣಕೈ ಪಕ್ಕ ಇಟ್ಟು ನೋಡಿದೆ. ಹೊಂದಿತು. ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಯಾವ ಬಣ್ಣವೂ ನನ್ನ ಕೈಯಲ್ಲಿ ಹೊಂದಿರಲಿಲ್ಲ. ಅವಳು ಕಣ್ಣು ಮುಚ್ಚಿ ಮುಖ ಎತ್ತಿ ಹಿಡಿದಳು. ಒಂದು ಕೆನ್ನೆಗೆ ಹಚ್ಚಿದೆ.

"ಪಪ್ಪ" ಅಂದಳು, ಕಣ್ಣು ತೆರೆಯದೆ. "ಆ ಅಂಕಲ್‌ನ ಮಗಳಿಗೆ ಯಾವಾಗ ಗೊತ್ತಾಯ್ತು?"

"ಯಾವುದು ಮಗಾ?"

"ಅವಳ ಪಪ್ಪನನ್ನು ಯಾಕೆ ಹಿಡಿದ್ರು ಅಂತ. ಕಲರ್ ನೋಡಿ ಅಂತ."

"ಪುಸ್ತಕದಲ್ಲಿ ಹೇಳಲಿಲ್ಲ ಅಲ್ವಾ."

"ನಂಗೆ ಗೊತ್ತುಂಟು. ಫಸ್ಟ್ ಡೇನೇ ಗೊತ್ತಾಯ್ತು ಅವಳಿಗೆ. ಶಿ ಜಸ್ಟ್ ಡಿಡಂಟ್ ಟೆಲ್."

"ಯಾಕೆ ಹೇಳ್ಲಿಲ್ಲ?"

ಅವಳು ಕಣ್ಣು ತೆರೆದಳು. "ಪ್ರಾಕ್ಟೀಸ್ ಹಾಲ್‌ನಲ್ಲಿ ಗೋಡೆ ತುಂಬಾ ಮಿರರ್ ಉಂಟಲ್ಲ ಪಪ್ಪ. ನಾವು ಮೂರು ಜನ ಒಂದು ಸೈಡ್, ಬಾಕಿ ಎಲ್ಲ ಆಚೆ ಸೈಡ್. ನಾನು ನೋಡಿದೆ. ನೀವು ಕಾರಲ್ಲಿ ಅಷ್ಟು ಕಷ್ಟಪಟ್ಟು ನಗ್ತಾ ಇದ್ರಿ. ಅದಕ್ಕೆ ಹೇಳ್ಲಿಲ್ಲ."

ಇಷ್ಟು ವಾರ ಯಾವ ನೋವು ಅವಳನ್ನು ಮುಟ್ಟದಿರಲಿ ಎಂದು ಕಾದಿದ್ದೆನೋ, ಅದನ್ನು ಅವಳು ಒಬ್ಬಳೇ ಇಟ್ಟುಕೊಂಡು, ಪರಾಟಾ ತಿನ್ನುತ್ತಾ, ನನ್ನ ಕತೆಗಳಿಗೆ ನಕ್ಕಿದ್ದಳು. ನನಗೆ ದುಃಖ ಉಕ್ಕಿ ಬಂತು. ಹೊರಗಿನಿಂದ ಟೀಚರ್, "ಯಲ್ಲಾ ಅಣ್ಣಾ, ಬೇಗ ಬೇಗ, ಪರದೆ ಏಳ್ತದೆ" ಎಂದು ಕರೆದರು.

ಇನ್ನೊಂದು ಕೆನ್ನೆ ಬಾಕಿ ಇತ್ತು. ಬೆರಳಿನಲ್ಲಿ ಬಣ್ಣ ತೆಗೆದುಕೊಂಡೆ, ಕೆನ್ನೆಯ ಹತ್ತಿರ ತಂದು ನಿಲ್ಲಿಸಿದೆ. ಅವಳು ತನ್ನ ಪುಟ್ಟ ಕೈಯಿಂದ ನನ್ನ ಮಣಿಕಟ್ಟನ್ನು ಹಿಡಿದು ತನ್ನ ಕೆನ್ನೆಗೆ ತಂದುಕೊಂಡಳು.