ಹನ್ನೆರಡು ಪರ್ಸೆಂಟಿನ ಸುಳ್ಳು

ಪಂಪು ತಯಾರಿಸುವ ಕಾರ್ಖಾನೆಯ ಪರೀಕ್ಷಾ ವಿಭಾಗದಲ್ಲಿ ಒಂಬತ್ತು ವರ್ಷ ದುಡಿದು, ಮೂವತ್ತಮೂರನೇ ವಯಸ್ಸಿನಲ್ಲಿ ಅವಳು ಕೆಲಸ ಬಿಟ್ಟು ಪಿಎಚ್‌ಡಿಗೆ ಸೇರಿದಳು. ಲ್ಯಾಬಿನಲ್ಲಿ ಉಳಿದವರೆಲ್ಲ ಅವಳಿಗಿಂತ ಚಿಕ್ಕವರು. ಮೊದಲ ವಾರವೇ ‘ಪಂಪಕ್ಕ’ ಎಂದು ಹೆಸರಿಟ್ಟರು. ಅದಕ್ಕೆ ಅವಳೂ ನಕ್ಕಿದ್ದಳು.

ಮೊದಲ ಆರು ತಿಂಗಳು ಪಾಠ, ಪರೀಕ್ಷೆ. ಮರೆತೇಹೋಗಿದ್ದ ಗಣಿತವನ್ನು ಅಡುಗೆಮನೆಯ ಕಟ್ಟೆಯ ಮೇಲೆ ಪುಸ್ತಕ ಹರಡಿಕೊಂಡು ಮತ್ತೆ ಕಲಿತಳು. ಎಲ್ಲ ಪರೀಕ್ಷೆಗಳನ್ನೂ ಪಾಸು ಮಾಡಿದಳು. ಆಮೇಲೆ ಗೈಡು ಕೆಲಸ ಹಚ್ಚಿದರು. ಹಿಂದಿನ ವರ್ಷ ಪದವಿ ಪಡೆದು ಹೋದ ಅವರ ಶಿಷ್ಯನೊಬ್ಬ ಪಂಪಿನ ರೆಕ್ಕೆಯ ಆಕಾರ ಬದಲಿಸಿ, ದಕ್ಷತೆ ಹನ್ನೆರಡು ಪರ್ಸೆಂಟ್ ಹೆಚ್ಚಿತೆಂದು ತೋರಿಸಿದ್ದ. ಸಂಶೋಧನಾ ಪತ್ರಿಕೆಯೊಂದರಲ್ಲಿ ಲೇಖನ ಅಚ್ಚಾಗಿತ್ತು, ಗೈಡಿಗೆ ಸನ್ಮಾನವೂ ಆಗಿತ್ತು. ಅದೇ ಪ್ರಯೋಗವನ್ನು ಮತ್ತೊಮ್ಮೆ ಮಾಡಿ, ಅಲ್ಲಿಂದ ಮುಂದುವರಿಸಬೇಕಿತ್ತು.

ಯಂತ್ರದ ಮುಂದೆ ನಿಂತ ಮೊದಲ ದಿನವೇ ಒಂದು ತಪ್ಪು ಅವಳ ಕಣ್ಣಿಗೆ ಬಿತ್ತು. ನೀರಿನ ಹರಿವು ಅಳೆಯುವ ಮೀಟರು ಪೈಪಿನ ತಿರುವಿಗೆ ಅಂಟಿಕೊಂಡಂತೆ ಕೂತಿತ್ತು. ತಿರುವಿನಲ್ಲಿ ನೀರು ಸುತ್ತಿಕೊಂಡು ಬರುತ್ತದೆ. ಅಲ್ಲಿ ಮೀಟರು ಬಾಯಿಗೆ ಬಂದದ್ದು ಹೇಳುತ್ತದೆ.

“ಯಾರಣ್ಣ ಇದನ್ನ ಇಲ್ಲಿಟ್ಟಿದ್ದು?” ಎಂದು ಲ್ಯಾಬಿನ ಹಳೆಯ ಮೆಕ್ಯಾನಿಕ್‌ನನ್ನು ಕೇಳಿದಳು.

“ಹಳೇ ರೆಕ್ಕೆ ಟೆಸ್ಟ್ ಮಾಡುವಾಗ ನೇರ ಪೈಪಲ್ಲೇ ಇತ್ತಮ್ಮ. ಹೊಸದಕ್ಕೆ ಜಾಗ ಸಾಲ್ದು ಅಂತ ಆ ಲೇಖನ ಬರೆದವರೇ ಇಲ್ಲಿಗೆ ತಂದ್ರು. ತಪ್ಪಾಗುತ್ತೆ ಅಂದೆ. ‘ನೀವು ಸ್ಪ್ಯಾನರ್ ಹಿಡ್ಕೊಳ್ಳಿ ಸಾಕು’ ಅಂದ್ರು.”

ಇಬ್ಬರೂ ಸೇರಿ ಮೀಟರನ್ನು ನೇರ ಪೈಪಿಗೆ ಸರಿಸಿದರು. ಹನ್ನೆರಡು ಪರ್ಸೆಂಟ್ ಒಂದಕ್ಕೆ ಇಳಿಯಿತು. ಖಾತ್ರಿಗೆಂದು, ಹೊರಬೀಳುವ ನೀರನ್ನು ಒಂದು ನಿಮಿಷ ಡ್ರಮ್ಮಿನಲ್ಲಿ ಹಿಡಿದು ತೂಗಿದರು. ಇಪ್ಪತ್ತು ಸಲ ತೂಗಿದರೂ ಅದೇ ಒಂದು ಪರ್ಸೆಂಟ್.

ಗೈಡು ಅವಳು ತಂದ ಗ್ರಾಫನ್ನು ಪೂರ್ತಿ ನೋಡಲೂ ಇಲ್ಲ. “ಮೀಟರ್ ಮೊದಲಿದ್ದ ಕಡೇನೇ ಇಡು.”

“ಅಲ್ಲಿ ತಪ್ಪು ತೋರಿಸುತ್ತೆ ಸರ್.”

“ನೋಡಮ್ಮ, ಇದು ನಿನ್ನ ಕಾರ್ಖಾನೆ ಅಲ್ಲ. ಡ್ರಮ್ಮಲ್ಲಿ ನೀರು ಹಿಡಿಯೋಕೆ ಪಿಎಚ್‌ಡಿ ಯಾಕೆ ಬೇಕು? ಹನ್ನೆರಡು ಬರೋವರೆಗೂ ಮಾಡು.”

ಅವಳು ಗ್ರಾಫನ್ನು ಎತ್ತಿಕೊಂಡು ಹೊರಬಂದಳು. ಕಾರ್ಖಾನೆಯಲ್ಲಿ ಹೀಗೊಂದು ಅಂಕಿ ಬರೆದಿದ್ದರೆ ಸಂಜೆಯೊಳಗೆ ಗೇಟಿನಾಚೆ ಹಾಕುತ್ತಿದ್ದರು. ಇಲ್ಲಿ ಹಾರ ಹಾಕಿದ್ದಾರೆ.

ಮನೆಯಲ್ಲಿ ಅವಳು ತಪ್ಪಲೆ ತಿಕ್ಕುತ್ತಿದ್ದ ರಭಸ ನೋಡಿ ಅಮ್ಮ, “ಪಾತ್ರೆ ಏನು ಮಾಡ್ತು ನಿನಗೆ?” ಎಂದರು. ಕಥೆ ಕೇಳಿ, “ಹಲ್ಲು ಕಚ್ಕೊಂಡು ಇದ್ದುಬಿಡು. ಡಿಗ್ರಿ ಕೈಗೆ ಬರಲಿ,” ಎಂದರು.

“ಇನ್ನು ನಾಲ್ಕು ವರ್ಷ ಆ ಸುಳ್ಳಿನ ಮೇಲೇ ಕಟ್ಟಬೇಕಲ್ಲಮ್ಮ. ನೀನು ಟೇಪ್ ತಪ್ಪಾಗಿ ಹಿಡಿದು ಯಾರಿಗಾದ್ರೂ ಬಟ್ಟೆ ಹೊಲಿದು ಕೊಟ್ಟಿದ್ಯಾ?”

ಮೂವತ್ತು ವರ್ಷ ಹೊಲಿಗೆ ಮಾಡಿದ್ದ ಅಮ್ಮ ಅವಳ ಕೈಯಿಂದ ತಪ್ಪಲೆ ತೆಗೆದುಕೊಂಡು ತಾವೇ ತೊಳೆಯತೊಡಗಿದರು.

ವರ್ಷದ ಕೊನೆಗೆ ಮೂವರು ಪ್ರಾಧ್ಯಾಪಕರ ಸಮಿತಿಯೆದುರು ಅವಳು ಲೇಖನದ ಗ್ರಾಫನ್ನೂ ತನ್ನದನ್ನೂ ಅಕ್ಕಪಕ್ಕ ಇಟ್ಟಳು. ಗೈಡು ಕೆಮ್ಮಿದರು. ಸಮಿತಿಯಲ್ಲಿದ್ದ ಏಕೈಕ ಮೇಡಂ, “ಲೇಖನದ ಪ್ರಯೋಗದಲ್ಲಿ ಮೀಟರ್‌ಗೆ ಮುಂಚೆ ನೇರ ಪೈಪ್ ಎಷ್ಟಿತ್ತು?” ಎಂದು ಕೇಳಿದರು.

“ಇರಲೇ ಇಲ್ಲ ಮೇಡಂ.”

ಉಳಿದಿಬ್ಬರು ಕಾಗದ ನೋಡುತ್ತ ಕೂತರು. ಮೂರು ದಿನಕ್ಕೆ ವರದಿ ಬಂತು: ‘ಪ್ರಗತಿ ಸಾಲದು.’ ಗೈಡು ಅವಳನ್ನು ಕೈಬಿಟ್ಟರು. ಆ ಮೇಡಂ ತಮ್ಮ ಲ್ಯಾಬಿಗೆ ಕರೆದುಕೊಂಡರು, ಆದರೆ ನಿಯಮದಂತೆ ಮೊದಲ ವರ್ಷವನ್ನು ಮತ್ತೆ ಮೊದಲಿಂದ ಮಾಡಬೇಕು. ಸುಳ್ಳು ಬರೆದವನಿಗೆ ಪದವಿ, ತಪ್ಪು ಹಿಡಿದವಳಿಗೆ ಒಂದು ವರ್ಷ ದಂಡ. ಈ ಮಾತು ಬಂದರೆ ಇವತ್ತಿಗೂ ಅವಳ ದನಿ ಗಟ್ಟಿಯಾಗುತ್ತದೆ.

ಲೇಖನ ಅಚ್ಚು ಮಾಡಿದ ಪತ್ರಿಕೆಗೆ ಎಲ್ಲ ಅಂಕಿಗಳ ಸಮೇತ ಪತ್ರ ಬರೆದಳು. ಉತ್ತರ ಬರಲಿಲ್ಲ. ಇನ್ನೊಂದು ಬರೆದಳು. ಈಗ ಮೂರನೆಯದು ಹೋಗಿದೆ. ಅದರಲ್ಲಿ ಮೆಕ್ಯಾನಿಕ್‌ನ ಸಹಿಯೂ ಇದೆ.