ನೆಟ್ಟಿ ಹಾಡಿನ ಎರಡನೇ ದನಿ

ಎಂಬತ್ತರ ದಶಕದಲ್ಲಿ ನಮ್ಮ ಕಡೆ ಗದ್ದೆಯಲ್ಲಿ ಸಸಿ ನೆಡುವಾಗ ಹೇಳುವ ನೆಟ್ಟಿ ಹಾಡುಗಳನ್ನು ಕ್ಯಾಸೆಟ್ಟಿಗೆ ತುಂಬಿಸಿ ಶಾಲೆಗಳಿಗೆ ಹಂಚುವುದು ನಾನಾಗಿಯೇ ಹಚ್ಚಿಕೊಂಡ ಕೆಲಸ. ತುಮರಿಯ ಗೌರಜ್ಜಿಗೆ ಬೇರೆ ಯಾರಿಗೂ ಬಾರದ ಒಂದು ಉದ್ದದ ಹಾಡು ಬರುತ್ತದೆಂದು ಕೇಳಿ, ಟೇಪ್ ರೆಕಾರ್ಡರ್ ಹೊತ್ತು ಹಿನ್ನೀರು ದಾಟಿಸುವ ಲಾಂಚ್ ಹತ್ತಿದೆ.

ಅಜ್ಜಿ ಒಪ್ಪಲಿಲ್ಲ. "ಇದು ಒಬ್ರೇ ಹೇಳೋ ಹಾಡಲ್ಲ ಮಾರಾಯ. ನಾನೊಂದು ಸಾಲು ಹೇಳಿದ್ರೆ ಇನ್ನೊಬ್ರು ಅದನ್ನೇ ತಿರುಗಿ ಹೇಳ್ಬೇಕು. ಹಾಗೆ ಹೇಳ್ತಿದ್ದ ನನ್ನ ತಂಗಿ ತೀರ್ಕೊಂಡ್ಳು. ನಿನ್ನ ಮಿಷನ್ ಹೇಳ್ತದಾ?"

ಬರಿಗೈಯಲ್ಲಿ ವಾಪಸಾಗುವ ಮನಸ್ಸು ನನಗಿರಲಿಲ್ಲ. "ನಾನೇ ಹೇಳ್ತೀನಿ ಅಜ್ಜಿ," ಎಂದೆ. ನನ್ನ ಕಂಠ ಎಂಥದ್ದೆಂದು ನನ್ನ ಹೆಂಡತಿಯನ್ನು ಕೇಳಬೇಕು. ಆದರೂ ಟೇಪ್ ಹಾಕಿ ಮಧ್ಯಾಹ್ನವಿಡೀ ಬಿಡದೆ ಹೇಳಿದೆ. ಅಜ್ಜಿ ನಡುನಡುವೆ ನಕ್ಕರು, ಆದರೆ ನಿಲ್ಲಿಸಲಿಲ್ಲ. ಹಾಡು ಮುಗಿದಾಗ ಸೆರಗಿನಿಂದ ಕಣ್ಣೊರೆಸಿಕೊಂಡರು.

ಆ ಕ್ಯಾಸೆಟ್ ಕೊಟ್ಟಿದ್ದ ಹೊಸನಗರದ ಶಾಲೆಯೊಂದಕ್ಕೆ ಆಮೇಲೊಮ್ಮೆ ಹೋದಾಗ ಮಕ್ಕಳು ಇಡೀ ಹಾಡನ್ನು ಕಲಿತುಬಿಟ್ಟಿದ್ದರು. ಅರ್ಧ ಮಕ್ಕಳು ಅಜ್ಜಿಯಂತೆ ಇಂಪಾಗಿ ಹೇಳಿದರೆ, ಉಳಿದವರು ಅಷ್ಟೇ ಶ್ರದ್ಧೆಯಿಂದ ನನ್ನ ಅಪಸ್ವರದಲ್ಲೇ ತಿರುಗಿ ಹೇಳಿದರು. ನಡುವೆ ಎಲ್ಲರೂ ಒಟ್ಟಿಗೆ ಒಮ್ಮೆ ಕೆಮ್ಮಿದರು.

"ಇದನ್ನ ಸ್ವಲ್ಪ ತಿದ್ದಬಹುದಿತ್ತು," ಎಂದೆ, ಹಾಡು ಕಲಿಸಿದ್ದ ಮೇಡಂಗೆ.

"ಹಿಂದಿನವರ ಹಾಡು ಸರ್, ತಿದ್ದೋಕೆ ನಾವ್ಯಾರು?" ಎಂದರು ಮೇಡಂ, ತುಸು ಬೇಸರದಿಂದಲೇ.

ನಾನು ಚಪ್ಪಾಳೆ ತಟ್ಟಿದೆ.